ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನಾಡಿಗೆ ಒಂದು ವಾರ ಸೇವೆಗೆ ಹೋದರೆ ನಿಜಕ್ಕೂ ಉಪಯೋಗ ಇದೆಯಾ?

ಇದೆ. ಆದರೆ ಏನು ಕೆಲಸ ಆಗಬೇಕು ಅಂತ ಅಲ್ಲಿನವರೇ ಹೇಳಿರಬೇಕು. ಮಗಳ ಕಾಲೇಜಿನ ಗುಂಪಿನ ಜೊತೆ ನೀವೂ ಹೋಗಬೇಕು ಅಂತಿದ್ದೀರಲ್ಲ, ಮೊದಲು ಆಯೋಜಕರನ್ನು ಕೇಳಿ: ಯಾವ ಚಾಪ್ಟರ್ ಹೌಸ್ ನಿಮ್ಮನ್ನು ಕರೆದಿದೆ? ಚಾಪ್ಟರ್ ಅಂದರೆ ಅಲ್ಲಿನ ಸ್ಥಳೀಯ ಆಡಳಿತ. ಇಡೀ ನಾಡಿನಲ್ಲಿ 110 ಇವೆ. ಯಾವ ಅಜ್ಜಿಯ ಮನೆಯಲ್ಲಿ ಸೌದೆ ಮುಗಿದಿದೆ, ಯಾರ ಸೂರು ಸೋರುತ್ತಿದೆ ಅನ್ನುವುದು ಅವರಿಗೆ ಗೊತ್ತು.

ನಾನು ಅರಿಜೋನಾದ ಫೀನಿಕ್ಸ್‌ನಲ್ಲಿದ್ದಾಗ ಆ ನಾಡಿನ ಚಿನ್‌ಲೀ ಊರಿನ ಕಡೆ ಹೋಗಿ ಬರುತ್ತಿದ್ದೆ. ಸೌದೆ ಒಡೆಯುವುದು, ಪಿಕಪ್ ಗಾಡಿಗೆ ನೀರಿನ ಡ್ರಮ್ ಏರಿಸುವುದು, ಜಾಸ್ತಿ ಇಂಥದ್ದೇ ಕೆಲಸ.

ಈ ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಸುಮಾರು ಶೇಕಡ 30ರಷ್ಟು ಮನೆಗಳಿಗೆ ಇವತ್ತಿಗೂ ನಲ್ಲಿ ಇಲ್ಲ. 1944ರಿಂದ 1986ರವರೆಗೆ ಆ ನೆಲದಲ್ಲಿ ಯುರೇನಿಯಂ ತೆಗೆದರು. ಪಾಳು ಬಿಟ್ಟ ಗಣಿಗಳೇ 500ಕ್ಕೂ ಹೆಚ್ಚಿವೆ. ಅದರಿಂದಾಗಿ ಬಾವಿ ಇದ್ದರೂ ಕೆಲವು ಕಡೆ ಆ ನೀರನ್ನು ಬಾಯಿಗೆ ಹಾಕುವ ಹಾಗಿಲ್ಲ. ನವಾಹೋ ಜನರ ಜೊತೆ ಅಮೆರಿಕ ಸರ್ಕಾರ ಮಾಡಿಕೊಂಡ 1868ರ ಒಪ್ಪಂದದ ಪ್ರಕಾರ ಸರ್ಕಾರ ತಾನಾಗಿ ಮುಂದೆ ಬಂದು ನೀರಿನ ವ್ಯವಸ್ಥೆ ಮಾಡಬೇಕಾಗಿಲ್ಲ ಅಂತ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರಲ್ಲಿ ತೀರ್ಪು ಕೊಟ್ಟಿತು. ನನ್ನ ಪ್ರಕಾರ ಇದು ದೊಡ್ಡ ಅನ್ಯಾಯ. ಇದನ್ನೆಲ್ಲ ತಿಳಿಯದೆ ಸುಮ್ನೆ ಡ್ರಮ್ ಎತ್ತಿಕೊಟ್ಟು ಬಂದರೆ, ಪಾಪ ಬಡವರು ಅನ್ನುವುದಷ್ಟೇ ಮಗಳ ತಲೆಯಲ್ಲಿ ಉಳಿಯುತ್ತದೆ.

ನಿಮಗೆ ವೈರಿಂಗ್, ಮರಗೆಲಸ ಬಂದರೆ ಮೊದಲೇ ತಿಳಿಸಿ. 2019ರಲ್ಲಿ ಶುರುವಾದ ‘ಲೈಟ್ ಅಪ್ ನವಾಹೋ’ ಯೋಜನೆಯಲ್ಲಿ ಬೇರೆ ಬೇರೆ ರಾಜ್ಯಗಳ ಲೈನ್‌ಮನ್‌ಗಳು ಬಂದು, ಕಂಬ ನೆಟ್ಟು, ಮನೆಮನೆಗೆ ಕರೆಂಟ್ ಎಳೆಯುತ್ತಾರೆ. ಕಸುಬು ಬಲ್ಲವರ ಒಂದು ವಾರಕ್ಕೆ ಅಷ್ಟು ಬೆಲೆ ಇದೆ.

ಇನ್ನು ಕಲಿಯುವುದು. ದಿನೆ ಜನ (ತಮ್ಮನ್ನು ಅವರು ಹಾಗೇ ಕರೆದುಕೊಳ್ಳುತ್ತಾರೆ) ಪರಿಚಯ ಮಾಡಿಕೊಳ್ಳುವಾಗ ನಾಲ್ಕು ಕುಲ ಹೇಳುತ್ತಾರೆ: ತಾಯಿಯದು, ತಂದೆಯದು, ತಾಯಿಯ ತಂದೆಯದು, ತಂದೆಯ ತಂದೆಯದು. ತುಳುನಾಡಿನ ‘ಬಳಿ’ (ಕುಲ) ಪದ್ಧತಿಯ ಹಾಗೆ ಅಲ್ಲೂ ಕುಲ ಬರುವುದು ತಾಯಿಯಿಂದ. ಈಗಷ್ಟೇ ಸಿಕ್ಕ ಇಬ್ಬರು ಅದರಿಂದಲೇ ಅಕ್ಕ-ತಮ್ಮ ಆಗಿಬಿಡುತ್ತಾರೆ. ನೀವೂ ನಿಮ್ಮ ಅಮ್ಮನ ಊರು, ಅಜ್ಜನ ಊರು ಹೇಳಿ. ಮಾತು ತಾನಾಗಿ ಬೆಳೆಯುತ್ತದೆ.

ಕೇಳದೆ ಫೋಟೋ ತೆಗೆಯಬೇಡಿ. ಪೂಜೆ-ವಿಧಿಗಳ ಬಗ್ಗೆ ಕೆದಕಬೇಡಿ. ಮದ್ಯ ಒಯ್ಯಲೇಬೇಡಿ, ಅಲ್ಲಿ ನಿಷೇಧ ಇದೆ.

ತಿಂಗಳು ಆರಿಸಿಕೊಳ್ಳುವ ಅವಕಾಶ ಇದ್ದರೆ ಚಳಿಗಾಲದಲ್ಲೇ ಹೋಗಿ. ಸೌದೆಗೆ ಕೈ ಬೇಕಾಗುವುದು ಆಗ. ಕಯೋಟಿ ಅನ್ನುವ ನರಿಯಂಥ ಕಾಡುಪ್ರಾಣಿಯ ಕಥೆಗಳನ್ನು ಹೇಳುವುದೂ ಚಳಿಗಾಲದಲ್ಲಿ ಮಾತ್ರ, ಬೇಸಿಗೆಯಲ್ಲಿ ಎಷ್ಟು ಕೇಳಿದರೂ ಹೇಳುವುದಿಲ್ಲ.