ಕಿರುಚಿತ್ರದ ಹಳೆಯ ಕಚೇರಿ ದೃಶ್ಯಕ್ಕೆ ಟೈಪ್‌ರೈಟರ್ ಸದ್ದನ್ನು ಅಳವಡಿಸುವುದು ಹೇಗೆ?

ನೀವು ಹೇಳಿದ ದೃಶ್ಯದಲ್ಲಿರುವುದು 1970ರ ದಶಕದ ಕಾಸರಗೋಡಿನ ವಕೀಲರ ಕಚೇರಿ, ಟೈಪಾಗುತ್ತಿರುವುದು ಕನ್ನಡ ಅರ್ಜಿ. ಅದಕ್ಕೆ ಅಂತರ್ಜಾಲದಲ್ಲಿ ಸಿಗುವ ಇಂಗ್ಲಿಷ್ ಯಂತ್ರದ ಏಕತಾಳದ ಟಕಟಕ ಒಪ್ಪುವುದಿಲ್ಲ. ಕನ್ನಡ ಯಂತ್ರದ ಕೆಲವು ಕೀಲಿಗಳನ್ನು ಒತ್ತಿದಾಗ ಅಚ್ಚು ಬೀಳುತ್ತದೆ, ಕ್ಯಾರೇಜ್ (ಕಾಗದವನ್ನು ಹಿಡಿದು ಪಕ್ಕಕ್ಕೆ ಸರಿಯುವ ಭಾಗ) ಮಾತ್ರ ಸರಿಯುವುದಿಲ್ಲ. ಹಾಗಾಗಿ ಪೆಟ್ಟಿನ ಹಿಂದೆಯೇ ಬರುವ ಹಲ್ಲುಚಕ್ರದ ಸಣ್ಣ ‘ಕ್ಲಿಕ್’ ಅಲ್ಲಿರದು. ಆ ಲಯವೇ ಬೇರೆ, ಕೇಳುವುದಕ್ಕೆ ಬಲು ಚೆಂದ!

ಹಳೆಯ ಯಂತ್ರ ಸಿಕ್ಕಿದರೆ ಮರದ ಮೇಜಿನ ಮೇಲಿಟ್ಟು ನೀವೇ ಧ್ವನಿಮುದ್ರಿಸಿ. ಕೀಲಿಯ ಪೆಟ್ಟು, ಗಂಟೆ, ಕ್ಯಾರೇಜ್ ಮರಳುವ ‘ಕರ್ರ್’, ಕಾಗದ ಎಳೆಯುವ ಸದ್ದು ಪ್ರತ್ಯೇಕವಾಗಿರಲಿ. ಗಂಟೆ ಬಾರಿಸುವುದು ಸಾಲು ಮುಗಿಯಲು ಕೆಲವು ಅಕ್ಷರಗಳು ಉಳಿದಿರುವಾಗಲೇ. ಆಮೇಲೂ ನಾಲ್ಕೈದು ಪೆಟ್ಟು ಕೇಳಿಸಿ, ಅನಂತರವೇ ಕ್ಯಾರೇಜ್ ಎಳೆಯಿರಿ. ಟೈಪಿಂಗ್ ಕಲಿತ ಹಿರಿಯರ ಕಿವಿ ಇದನ್ನು ತಪ್ಪದೆ ಗಮನಿಸುತ್ತದೆ. ಸಂಭಾಷಣೆ ಬಂದಾಗ ಸದ್ದನ್ನು ತಗ್ಗಿಸಿದರಾಯಿತು.