ಏರ್‌ಬ್ರಶ್ ಆಮೇಲೆ ಕೊಳ್ಳಿ, ಮೊದಲು ಫ್ರೀಜರ್‌ನಲ್ಲಿರುವ ಆ ಮೀನನ್ನು ಸಾರು ಮಾಡಿ

ಮರದಲ್ಲಿ ಕೆತ್ತಿದ ಮೀನು ಬಣ್ಣ ಹಚ್ಚಿದ ಕೂಡಲೇ ಆಟಿಕೆಯಂತೆ ಕಾಣುತ್ತದೆ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ ಕೊಳ್ಳಬೇಕೋ ಕುಂಚದಲ್ಲೇ ಮುಂದುವರಿಯಬೇಕೋ ಎಂದು ಕೇಳಿದ್ದೀರಿ. ಎರಡರಲ್ಲಿ ಯಾವುದಾದರೂ ಆದೀತು. ಆದರೆ ಮಾದರಿಗೆಂದು ಮಾರುಕಟ್ಟೆಯಿಂದ ಮೀನು ತಂದು ಫ್ರೀಜರ್‌ನಲ್ಲಿಟ್ಟಿರುವುದಾಗಿಯೂ ಬಣ್ಣ ಹೋಲಿಸಿ ನೋಡಲು ಆಗಾಗ ಹೊರತೆಗೆಯುವುದಾಗಿಯೂ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಲ್ಲ, ಅದನ್ನು ಓದಿದಾಗ 2009ರಲ್ಲಿ ನನ್ನ ಮನೆಯ ಹಿತ್ತಿಲಲ್ಲಿ ಕುಳಿತಿದ್ದ ನಾನೇ ಕಣ್ಣ ಮುಂದೆ ಬಂದೆ.

ನಾನು ಸಾಗರದ ಕಡೆಯವನು. ನಮ್ಮಲ್ಲಿ ಗುಡಿಗಾರರ ಕೆತ್ತನೆ ತಲೆಮಾರುಗಳಿಂದ ಬಂದ ಕಸುಬು. ನಾನು ಆ ಮನೆತನದವನಲ್ಲದಿದ್ದರೂ ನೆರೆಮನೆಯ ಹಿರಿಯರೊಬ್ಬರ ಬಳಿ ಆರು ವರ್ಷ ಉಳಿ ಹಿಡಿದು ಕಲಿತೆ. ಆನೆ, ಗಣಪತಿ, ಬಳ್ಳಿಯ ಚೌಕಟ್ಟು ಮಾಡಿಕೊಂಡಿದ್ದವನನ್ನು ಮೈಸೂರಿನ ಹಿರಿಯರೊಬ್ಬರು ಹುಡುಕಿಕೊಂಡು ಬಂದರು. ಅವರು ತೊಂಬತ್ತರ ದಶಕದಲ್ಲಿ ಭೀಮೇಶ್ವರಿಯ ಹತ್ತಿರ ಕಾವೇರಿಯಲ್ಲಿ ಗಾಳ ಹಾಕಿ ಮಹಸೀರ್ ಎಂಬ ಹೊಳೆಮೀನೊಂದನ್ನು, ದೊಡ್ಡದನ್ನೇ, ಹಿಡಿದಿದ್ದರು. ಅಲ್ಲಿ ಹಿಡಿದ ಮೀನನ್ನು ಅಳೆದು, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡುವುದು ನಿಯಮವಾಗಿತ್ತು. ಬಿಟ್ಟ ಮೀನು ಮನಸ್ಸಿನಿಂದ ಹೋಗಿರಲಿಲ್ಲ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದ ಕಥೆಯನ್ನು ಅವರು ನಮ್ಮ ಜಗಲಿಯಲ್ಲಿ ಕುಳಿತು ಎರಡು ಸಲ ಹೇಳಿದರು. ಸತ್ತ ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವಂತವೆಂಬಂತೆ ನಿಲ್ಲಿಸುವುದರಲ್ಲಿ ಜಗತ್ತಿಗೇ ಹೆಸರಾಗಿದ್ದ ಆ ಮನೆತನದವರೂ ಈಗ ಕೆಲಸ ಮಾಡುತ್ತಿಲ್ಲ, ತಮ್ಮ ಮೀನಂತೂ ನೀರಿಗೆ ಹೋಯಿತು, ಆದ್ದರಿಂದ ಮರದಲ್ಲಿ ಮಾಡಿಕೊಡಿ ಎಂದರು. 22,000 ರೂಪಾಯಿಗೆ ಮಾತಾಯಿತು. 8,000 ಮುಂಗಡ ಕೊಟ್ಟರು.

ಕೆತ್ತನೆಯ ಮಟ್ಟಿಗೆ ನಾನು ತಪ್ಪಿರಲಿಲ್ಲ. ಎರಡು ಮಳೆಗಾಲ ಕಂಡು ಒಣಗಿದ್ದ ಶಿವನೆ ಮರವನ್ನೇ ಆರಿಸಿದ್ದೆ. ಅದು ಹಗುರ, ಉಳಿಗೆ ಸುಲಭವಾಗಿ ಬಾಗುತ್ತದೆ, ಒಣಗಿದ ಮೇಲೆ ಹೆಚ್ಚು ತಿರುಚಿಕೊಳ್ಳುವುದಿಲ್ಲ. ರೆಕ್ಕೆಗಳನ್ನು ಮೈಯೊಂದಿಗೆ ಒಂದೇ ತುಂಡಿನಲ್ಲಿ ಕೆತ್ತದೆ, ರೆಕ್ಕೆಯ ಕಡ್ಡಿಗಳು ಹೋಗುವ ದಿಕ್ಕಿಗೇ ಮರದ ಎಳೆ ಬರುವಂತೆ ಬೇರೆ ಸೀಳುಗಳಲ್ಲಿ ಮಾಡಿ ಕೂರಿಸಿದ್ದೆ. ಮಹಸೀರ್‌ನ ಹುರುಪೆ ದೊಡ್ಡದು. ಕಿವಿರಿನಿಂದ ಬಾಲದ ಬುಡದವರೆಗೆ ಪಕ್ಕದ ಗೆರೆಯುದ್ದಕ್ಕೂ ಎಣಿಸಿದರೆ 25ರ ಆಸುಪಾಸು ಮಾತ್ರ ಇರುತ್ತವೆ. ಅವನ್ನೂ ಎಣಿಸಿಯೇ ಬಿಡಿಸಿದ್ದೆ. ಮೀಸೆ ನಾಲ್ಕು, ಅದೂ ಸರಿ. ಉದ್ದ, ಸುತ್ತಳತೆ, ಬೆನ್ನಿನ ಗೂನು ಎಲ್ಲವೂ ಅವರು ಕೊಟ್ಟ ಅಳತೆ ಮತ್ತು ಛಾಯಾಚಿತ್ರದಂತೆ ಇದ್ದವು.

ಛಾಯಾಚಿತ್ರ ಮಾತ್ರ ಹಳೆಯದಾಗಿ ಕೆಂಪಡರಿತ್ತು. ಬಣ್ಣಕ್ಕೆ ಅದನ್ನು ನಂಬುವುದು ಹೇಗೆ ಎಂದು ನಾನು ಜಾಣತನ ಮಾಡಿದೆ. ಶರಾವತಿಯ ಹಿನ್ನೀರಿನಲ್ಲಿ ಬಲೆ ಹಾಕುವ ಪರಿಚಯದವರೊಬ್ಬರಿಗೆ ಹೇಳಿ, ಅದೇ ಜಾತಿಯದಲ್ಲದಿದ್ದರೂ ಅದೇ ಕುಲದ ಒಂದು ಮೀನನ್ನು ಐಸ್ ಪೆಟ್ಟಿಗೆಯಲ್ಲಿ ತರಿಸಿಕೊಂಡೆ. ರೆಕ್ಕೆಯ ಕಿತ್ತಳೆ ಬಣ್ಣವೊಂದನ್ನು ಚಿತ್ರದಿಂದ ತೆಗೆದುಕೊಂಡು, ಉಳಿದ ಎಲ್ಲವನ್ನೂ, ಅಂದರೆ ಮೈಬಣ್ಣ, ಕಣ್ಣು, ಬಾಯಿ, ರೆಕ್ಕೆ ನಿಂತಿರುವ ರೀತಿಯನ್ನು, ಎದುರಿಗಿದ್ದ ಮೀನಿನಿಂದ ಒಂದು ಕೂದಲೆಳೆಯೂ ತಪ್ಪದಂತೆ ಇಳಿಸಿದೆ. ಹನ್ನೊಂದು ದಿನ ಅದನ್ನು ಹೊರಗೆ ತೆಗೆದು ಒಳಗೆ ಇಟ್ಟು ಮಾಡಿದೆ. ಮನೆಯವರ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ.

ಮೈಸೂರಿನ ಆ ಹಿರಿಯರು ಬಂದು ಮೀನಿನ ಮುಂದೆ ಬಹಳ ಹೊತ್ತು ನಿಂತರು. ಬೆನ್ನ ಮೇಲೆ ಕೈಯಾಡಿಸಿ ಗೂನು ಸರಿಯಾಗಿದೆ ಎಂದರು. ಆಮೇಲೆ, 'ನಾನು ಇದನ್ನು ಜೀವಂತವಾಗಿ ನೀರಿಗೆ ಬಿಟ್ಟಿದ್ದೆ. ನೀವು ಸತ್ತದ್ದನ್ನು ತಂದು ಕೊಡುತ್ತಿದ್ದೀರಿ' ಎಂದರು. ಸಿಟ್ಟಿನ ದನಿಯಲ್ಲ, ಬೇಸರದ ದನಿ. ನಾನೇ ಮುಂಗಡವನ್ನು ಹಿಂದಿರುಗಿಸಿದೆ. ನಾಲ್ಕು ತಿಂಗಳ ಕೆಲಸ ಹೋಯಿತು.

ಆ ತಪ್ಪನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ಒಂದೇ ತಪ್ಪಾದರೂ ಮೀನಿನ ಮೈಯೆಲ್ಲ ಹರಡಿಕೊಂಡಿರುತ್ತದೆ. ಮೀನಿನ ಬಣ್ಣ ಗೋಡೆಯ ಬಣ್ಣದಂತೆ ಮೈಗೆ ಬಳಿದದ್ದಲ್ಲ. ಚರ್ಮದಲ್ಲಿ ಬಣ್ಣದ ಕಣಗಳನ್ನು ತುಂಬಿಕೊಂಡ ಕೋಶಗಳಿರುತ್ತವೆ. ನರಗಳ ಮತ್ತು ಹಾರ್ಮೋನುಗಳ ಸೂಚನೆಯಂತೆ ಆ ಕಣಗಳು ಒಮ್ಮೆ ಹರಡಿಕೊಂಡು ಮೈ ಗಾಢವಾಗುತ್ತದೆ, ಒಮ್ಮೆ ಒತ್ತೊತ್ತಾಗಿ ಸೇರಿ ತಿಳಿಯಾಗುತ್ತದೆ. ಜೀವ ಹೋದ ಮೇಲೆ ಸೂಚನೆ ಕೊಡುವವರಿಲ್ಲ. ಕೆಲವೆಡೆ ಕಪ್ಪು ಕಟ್ಟುತ್ತದೆ, ಕೆಲವೆಡೆ ಬಿಳಿಚಿಕೊಳ್ಳುತ್ತದೆ. ಇನ್ನು ಬೆಳ್ಳಿಯ ಹೊಳಪು ಬಣ್ಣವೇ ಅಲ್ಲ. ಗ್ವಾನೀನ್ ಎಂಬ ವಸ್ತುವಿನ ತೆಳುವಾದ ಹರಳುಗಳು ಪದರ ಪದರವಾಗಿ ನಿಂತು ಬೆಳಕನ್ನು ಹಿಂದಕ್ಕೆ ಕಳಿಸುವುದರಿಂದ ಹುಟ್ಟುವ ಹೊಳಪು. ಹಿಂದೆ ಕೃತಕ ಮುತ್ತುಗಳಿಗೆ ಮೆರುಗು ಕೊಡಲು ಮೀನಿನ ಹುರುಪೆಯಿಂದ ತೆಗೆಯುತ್ತಿದ್ದದ್ದು ಇದನ್ನೇ. ಮೈಮೇಲಿನ ಲೋಳೆ ಐಸ್‌ನಲ್ಲಿ ಹಾಲಿನಂತೆ ಬೆಳ್ಳಗಾದಾಗ ಈ ಹೊಳಪು ಅದರಡಿ ಮುಚ್ಚಿಹೋಗುತ್ತದೆ. ನಾನು ಆ ಮಬ್ಬನ್ನೇ ಮೀನಿನ ಬಣ್ಣವೆಂದು ತಿಳಿದು, ಬೂದು ಬಣ್ಣವನ್ನು ಕಲಸಿ ಕಲಸಿ, ಕೊನೆಗೆ ಸರಿಹೊಂದಿತು ಎಂದು ಸಂತೋಷಪಟ್ಟಿದ್ದೆ.

ಅದಕ್ಕಿಂತ ಕೆಟ್ಟದ್ದು ಕಣ್ಣು. ಜೀವಂತ ಮೀನು ಒಂದು ಪಕ್ಕಕ್ಕೆ ವಾಲಿದರೆ ಅದರ ಕಣ್ಣು ಮಟ್ಟವನ್ನು ಕಾಯ್ದುಕೊಳ್ಳಲು ಎದುರು ದಿಕ್ಕಿಗೆ ಹೊರಳುತ್ತದೆ. ಮೀನು ಸಾಕಣೆ ಮಾಡುವವರು ಮೀನಿಗೆ ಪ್ರಜ್ಞೆ ಇದೆಯೇ ಎಂದು ನೋಡುವುದೂ ಈ ಹೊರಳುವಿಕೆಯಿಂದಲೇ. ನನ್ನ ಮರದ ಮೀನು ತಿರುವಿನಲ್ಲಿ ಪಕ್ಕಕ್ಕೆ ವಾಲಿ ಈಜುವ ಭಂಗಿಯಲ್ಲಿತ್ತು, ಆದರೆ ಕಣ್ಣು ಮಾತ್ರ ಮೊಳೆ ಹೊಡೆದಂತೆ ನೇರ ಹೊರಗೆ ನೋಡುತ್ತಿತ್ತು. ಜೊತೆಗೆ ಸತ್ತ ಮೀನಿನ ಕಣ್ಣು ಒಳಗೆ ಕುಸಿದಿರುತ್ತದೆ ಎಂಬುದನ್ನು ತಿಳಿಯದೆ ಗಾಜಿನ ಕಣ್ಣನ್ನೂ ಅಷ್ಟೇ ಆಳಕ್ಕೆ ಇಳಿಸಿ, ಸುತ್ತ ಎಂ-ಸೀಲ್ ಹಾಕಿ ಶಾಶ್ವತವಾಗಿ ಮುಗಿಸಿಬಿಟ್ಟಿದ್ದೆ. ಪೆಟ್ಟಿಗೆಯಲ್ಲಿ ಒಂದು ಮಗ್ಗುಲಿಗೆ ಮಲಗಿ ಚಪ್ಪಟೆಯಾದ ಹೊಟ್ಟೆ, ಅಗಲವಾಗಿ ತೆರೆದ ಬಾಯಿ, ಮೈಗೆ ಅಂಟಿಕೊಂಡ ಎದೆಯ ರೆಕ್ಕೆಗಳು, ಎಲ್ಲವನ್ನೂ ನಂಬಿಕೆಯಿಂದ ನಕಲು ಮಾಡಿದ್ದೆ.

ಆಮೇಲೆ ನಾನು ಶೃಂಗೇರಿಗೆ ಹೋದೆ. ದೇವಸ್ಥಾನದ ಮೆಟ್ಟಿಲುಗಳ ಬಳಿ ತುಂಗೆಯಲ್ಲಿ ಮೀನುಗಳನ್ನು ಯಾರೂ ಹಿಡಿಯುವುದಿಲ್ಲವಾದ್ದರಿಂದ ಅವು ಕೈಗೆ ಸಿಗುವಷ್ಟು ಹತ್ತಿರ ಬರುತ್ತವೆ. ಎರಡು ದಿನ ಪುರಿ ಹಾಕಿಕೊಂಡು ಕುಳಿತು ನೋಡಿದೆ. ಮೇಲಿನಿಂದ ಕಾಣುವುದು ಬರೀ ಕಡುಬಣ್ಣದ ಬೆನ್ನು. ತಿರುಗುವಾಗ ಮಾತ್ರ ಮಗ್ಗುಲು ಒಮ್ಮೆ ಮಿಂಚಿ ಮಾಯವಾಗುತ್ತದೆ. ಸಾಗುವಾಗ ಬೆನ್ನಿನ ರೆಕ್ಕೆ ಮಡಚಿರುತ್ತದೆ, ನಿಲ್ಲಬೇಕಾದಾಗ ಎದೆಯ ರೆಕ್ಕೆಗಳು ಅರಳುತ್ತವೆ. ಹುರುಪೆಗಳನ್ನು ಒಂದೊಂದಾಗಿ ಕಂಡದ್ದು ನೆನಪಿಲ್ಲ.

ಹೀಗಾಗಿ ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಹಿಡಿಸದಿರಬಹುದು. ಏರ್‌ಬ್ರಶ್‌ನಿಂದ ಬೆನ್ನಿನ ಕಪ್ಪು ಹೊಟ್ಟೆಯ ಬಿಳುಪಿಗೆ ನಯವಾಗಿ ಇಳಿಯುತ್ತದೆ ನಿಜ, ಆದರೆ ಸತ್ತ ಮೀನಿನ ಬಣ್ಣವನ್ನು ಅದು ಇನ್ನಷ್ಟು ನಯವಾಗಿ ಹಚ್ಚಿಕೊಡುತ್ತದೆ, ಅಷ್ಟೇ. ಅಲ್ಯೂಮಿನಿಯಂ ಬಣ್ಣವನ್ನಂತೂ ಮುಟ್ಟಬೇಡಿ. ಮರಕ್ಕೆ ಪ್ರೈಮರ್ ಹಚ್ಚಿ ಉಜ್ಜಿದ ಮೇಲೆ, ನೀರಿನಂತೆ ತೆಳುವಾದ ಅಕ್ರಿಲಿಕ್ ಪದರಗಳನ್ನು ಒಂದರ ಮೇಲೊಂದು ಹಚ್ಚಿ; ಮಧ್ಯದ ಎರಡು ಮೂರು ಪದರಗಳಲ್ಲಿ ನುಣ್ಣನೆಯ ಅಭ್ರಕದ ಪುಡಿ ಸೇರಿರಲಿ, ಅದರ ಮೇಲೆ ಮತ್ತೆ ತಿಳಿಬಣ್ಣ ಬರಲಿ. ಹೊಳಪು ಒಳಗಿನಿಂದ ಬರಬೇಕು. ನನಗೆ ಈಗ 14 ಪದರಗಳಿಗಿಂತ ಕಡಿಮೆಯಲ್ಲಿ ಮುಗಿಯುವುದಿಲ್ಲ. ಕೊನೆಯ ವಾರ್ನಿಶ್ ಹೊಳೆಯುವಂಥದ್ದೇ ಇರಲಿ, ಏಕೆಂದರೆ ನಾವು ನೋಡುವ ಜೀವಂತ ಮೀನು ಯಾವಾಗಲೂ ಒದ್ದೆಯಾಗಿರುತ್ತದೆ.

ಪ್ರತಿ ಹುರುಪೆಯನ್ನೂ ಬಿಸಿ ಮೊನೆಯಿಂದ ಸುಟ್ಟು ಮೂಡಿಸುವ ನಿಮ್ಮ ಯೋಜನೆಯನ್ನು ಸದ್ಯಕ್ಕೆ ಬದಿಗಿಡಿ. ಅಮೆರಿಕದ ಮಿಷಿಗನ್, ಮಿನ್ನೆಸೋಟಾಗಳಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರಕ್ಕೆ ತೂತು ಕೊರೆದು, ದೊಡ್ಡ ಮೀನನ್ನು ಸೆಳೆಯಲು ಮರದ ಪುಟ್ಟ ಮೀನನ್ನು ದಾರದಲ್ಲಿ ಇಳಿಬಿಡುವ ಪದ್ಧತಿಯಿದೆ. ಅದರ ಹೊಟ್ಟೆಯಲ್ಲಿ ಸೀಸ, ರೆಕ್ಕೆಗೆ ತಗಡು, ಮೈಮೇಲೆ ನಾಲ್ಕಾರು ಕುಂಚದ ಗೀರು. ಹುರುಪೆ ಎಣಿಸಿ ಮಾಡಿದ್ದಲ್ಲ. ದಾರ ಎಳೆದಾಗ ಅದು ಮೀನಿನಂತೆ ಸುತ್ತು ಹಾಕುತ್ತದೆ, ಮೀನೇ ಅದನ್ನು ನಂಬಿ ಬರುತ್ತದೆ.

ನನ್ನ ಆ ಮೊದಲ ಮೀನು ಒಂದು ವರ್ಷ ಅಟ್ಟದಲ್ಲಿದ್ದು, ಬಳಿಕ ಹೆದ್ದಾರಿಯ ಒಂದು ಹೋಟೆಲಿಗೆ ಅರ್ಧ ಬೆಲೆಗೆ ಹೋಯಿತು. ಈಗಲೂ ಗಲ್ಲಾಪೆಟ್ಟಿಗೆಯ ಮೇಲಿದೆ. ಜನ ಅದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ನಾನು ಅಲ್ಲಿ ಊಟಕ್ಕೆ ಕುಳಿತರೆ ಅದಕ್ಕೆ ಬೆನ್ನು ಹಾಕಿಯೇ ಕೂರುತ್ತೇನೆ.

ನಿಮ್ಮ ಊರಿಗೆ ಶೃಂಗೇರಿ ದೂರವಾದರೆ ದಕ್ಷಿಣ ಕನ್ನಡದಲ್ಲಿ ಕಪಿಲೆಯ ದಡದ ಶಿಶಿಲಕ್ಕೋ ಕಾವೇರಿಯ ರಾಮನಾಥಪುರಕ್ಕೋ ಹೋಗಿ. ಅಲ್ಲಿಯೂ ದೇವರ ಮೀನುಗಳಿವೆ. ಬೆಳಗಿನ ಓರೆ ಬಿಸಿಲಿನಲ್ಲಿ ಹೋಗಿ, ಚಿತ್ರಕ್ಕಿಂತ ವಿಡಿಯೊ ತೆಗೆದುಕೊಳ್ಳಿ. ಬಂದ ಮೇಲೆ ನಿಮ್ಮ ಮೀನಿನ ಬಣ್ಣವನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ ತೆಗೆದು, ಬರಿಯ ಮರದ ಚಿತ್ರವೊಂದನ್ನು ಕಣ್ಣಿನ ಗುಳಿ ಸ್ಪಷ್ಟವಾಗಿ ಕಾಣುವಂತೆ ಇಲ್ಲಿ ಹಾಕಿ. ಎಷ್ಟು ಆಳ ತುಂಬಬೇಕು ಎಂದು ನೋಡಿ ಹೇಳುತ್ತೇನೆ.