ಕೋಲಾರದ ಬೋರ್‌ವೆಲ್ ನೀರಿನಲ್ಲಿ ಕೂದಲಿನ ಬಣ್ಣ ಮೂರೇ ವಾರಕ್ಕೆ ಮಂಕಾಗುತ್ತದೆ. ಮನೆಯಲ್ಲಿ ಏನು ಮಾಡಬಹುದು?

ಶಾಂಪೂವನ್ನು ಬೈಯುವ ಮೊದಲು ನಿಮ್ಮ ಬಕೆಟ್ಟಿನ ಒಳಭಾಗ ನೋಡಿ. ಅಲ್ಲಿ ಕಟ್ಟಿರುವ ಬಿಳಿ ಪದರ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳದ್ದು. ಅವು ಕೂದಲಿನ ಮೇಲೂ ಕೂರುತ್ತವೆ. ಬಣ್ಣ ಒಳಗಿದ್ದರೂ ಹೊಳಪು ಕಾಣುವುದಿಲ್ಲ. ನಾನು ತಲೆಸ್ನಾನದ ಕೊನೆಯ ಎರಡು ಚೊಂಬು ನೀರನ್ನು ಕುಡಿಯುವ ನೀರಿನ ಕ್ಯಾನಿನಿಂದ ಸುರಿದುಕೊಳ್ಳುತ್ತೇನೆ. ನಮ್ಮ ಅತ್ತೆ ಇದನ್ನು ದುಂದು ಎನ್ನುತ್ತಾರೆ, ಆದರೆ ಮಳೆ ಬಂದರೆ ತಾವೇ ಸೂರಿನ ಕೆಳಗೆ ಬಿಂದಿಗೆ ಇಡುತ್ತಾರೆ.

ಹಂಡೆಯ ಸುಡುನೀರು ಬೇಡ, ಉಗುರುಬೆಚ್ಚಗಿದ್ದರೆ ಸಾಕು. ಬಣ್ಣ ಹಾಕಿಸಿದ ಮೊದಲ 2-3 ದಿನ ತಲೆ ತೊಳೆಯಬೇಡಿ, ಆಮೇಲೆ ವಾರಕ್ಕೆ ಎರಡು ಬಾರಿ ಮಾತ್ರ. ಸಲ್ಫೇಟ್ ಇಲ್ಲದ ಶಾಂಪೂ, ಪ್ರತಿ ಸಲವೂ ಕಂಡೀಷನರ್. ಬಿಸಿಲೂ ಬಣ್ಣವನ್ನು ತಿನ್ನುತ್ತದೆ, ಹೊರಗೆ ಹೋಗುವಾಗ ದುಪಟ್ಟಾ ಇರಲಿ.

ಬುಡದಲ್ಲಿ ಬಿಳಿ ಇಣುಕಿತೆಂದು ನಡುವೆ ಮೆಹಂದಿ ಮೆತ್ತಿಕೊಳ್ಳಬೇಡಿ. ಅದರ ಕೆಂಪು ಸುಲಭವಾಗಿ ಬಿಡುವುದಿಲ್ಲ, ಮುಂದಿನ ಸಲ ಸಲೂನಿನಲ್ಲಿ ಬಣ್ಣ ಒಂದೇ ಸಮನಾಗಿ ಹಿಡಿಯದೆ ಹೋಗಬಹುದು. ಮದುವೆಗೋ ಆರತಕ್ಷತೆಗೋ ಹೋಗುವುದಿದ್ದರೆ ಬೈತಲೆಯ ಉದ್ದಕ್ಕೂ ಬಿಳಿ ಬುಡ ಮುಚ್ಚುವ ಬಣ್ಣದ ಟಚ್‌ಅಪ್ ಪುಡಿ ಒತ್ತಿಕೊಳ್ಳಿ, ತೊಳೆದರೆ ಹೋಗುತ್ತದೆ.